ನಾಲೆಯಲ್ಲಿ ಓಡಿಸಿ ಆರಿಸಿದ ದೋಣಿ

ನನ್ನ ಗೆಳೆಯನ ಬಲಮಂಡಿ ಪೂರ್ತಿ ಮಡಚುವುದಿಲ್ಲ. ಶಿಂಷಾ ಹೊಳೆಯ ಬಂಡೆಯೇ ಅದಕ್ಕೆ ಕಾರಣ ಎಂದು ಆರು ವರ್ಷ ಎಲ್ಲರೂ ನಂಬಿದ್ದರು. ಅವನೊಬ್ಬ ಮಾತ್ರ ತನ್ನ ತೋಳು ಕಾರಣ ಎಂದು ನಂಬಿದ್ದ. ನಿಜವಾದ ಕಾರಣ ನಾನು ಆಡಿದ ಒಂದು ಮಾತು. ಅದು ನನಗೊಬ್ಬನಿಗೇ ಗೊತ್ತಿತ್ತು. ಈಗ ಇನ್ನೂ ಮೂವರಿಗೆ ಗೊತ್ತಾಗಿದೆ.

ಗೆಳೆಯ ಎಂದರೆ ಮದ್ದೂರಿನ ಹೈಸ್ಕೂಲಿನಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವನು. ನಾನು ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದೆ. ಅವನು ಮುಂದೆ ಓದಿ ಡ್ರಿಲ್ ಮೇಷ್ಟ್ರಾದ. ಮಳವಳ್ಳಿ ತಾಲೂಕಿನ ಸ್ಕೂಲುಗಳಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಕೈ ಚಾಚುವುದು, ಸಾಲಾಗಿ ನಿಲ್ಲುವುದು, ಕಬಡ್ಡಿ ಎಲ್ಲವನ್ನೂ ಕಲಿಸಿ, ರಿಟೈರಾಗಿ ಮದ್ದೂರಿಗೆ ಬಂದು ಮನೆ ಮಾಡಿದ. ಕೊರಳಿನ ಸೀಟಿ ಮಾತ್ರ ರಿಟೈರಾಗಲಿಲ್ಲ. ಅರವತ್ತು ದಾಟಿದ ಮೇಲೂ ಬೆಳಗಾದರೆ ಮನೆಯ ಮುಂದಿನ ಜಗುಲಿಯಲ್ಲಿ ದಂಡ ಹೊಡೆಯುತ್ತಿದ್ದ. ಅವನಿಗೆ ತನ್ನ ತೋಳಿನ ಬಗ್ಗೆ ಬಹಳ ಅಭಿಮಾನ. ಬೀದಿಯಲ್ಲಿ ಹಳೇ ಶಿಷ್ಯರು ಸಿಕ್ಕರೆ ಯೋಗಕ್ಷೇಮ ಕೇಳುವ ಮೊದಲು ಅವರ ರಟ್ಟೆ ಹಿಡಿದು ನೋಡುತ್ತಿದ್ದ. "ಏನ್ಲಾ ಇದು, ನುಗ್ಗೇಕಾಯಿ" ಎಂದು ಬೈಯುತ್ತಿದ್ದ. ಬೈಸಿಕೊಂಡವರು ನಗುತ್ತಾ ಹೋಗುತ್ತಿದ್ದರು.

ನಾನು ಗದ್ದೆಯನ್ನು ತಮ್ಮನಿಗೆ ಬಿಟ್ಟು ಸೋಮನಹಳ್ಳಿಯ ಹೆದ್ದಾರಿ ಪಕ್ಕದ ಒಂದು ಫೈಬರ್ ಶೆಡ್ಡಿಗೆ ಸೇರಿದೆ. ಮೋಲ್ಡಿಗೆ, ಅಂದರೆ ಅಚ್ಚಿಗೆ, ವ್ಯಾಕ್ಸ್ ಹಚ್ಚುವುದು, ಗಾಜಿನ ನಾರಿನ ಮ್ಯಾಟ್ ಹಾಸುವುದು, ಬ್ರಷ್ಷಿನಲ್ಲಿ ಅದಕ್ಕೆ ರೆಸಿನ್ ಎಂಬ ಅಂಟು ಕುಡಿಸುವುದು, ಗಟ್ಟಿಯಾದ ಮೇಲೆ ಬಿಡಿಸಿ ಅಂಚು ಉಜ್ಜುವುದು. ಬಚ್ಚಲುಮನೆಯ ಬಾಗಿಲು, ನೀರಿನ ಟ್ಯಾಂಕು, ಪಾರ್ಕಿನಲ್ಲಿ ಮಕ್ಕಳು ಜಾರುವ ಜಾರುಬಂಡೆ, ಇವನ್ನು ಇಪ್ಪತ್ತೈದು ವರ್ಷ ಮಾಡಿದೆ. ಎಲ್ಲವೂ ಬೇರೆಯವರು ಮಾಡಿಟ್ಟ ಮೋಲ್ಡಿನಿಂದ.

ಒಮ್ಮೆ ಒಬ್ಬ ರೆಸಾರ್ಟಿನವನು ಒಡೆದ ದೋಣಿಯೊಂದನ್ನು ರಿಪೇರಿಗೆ ತಂದುಕೊಟ್ಟು ಮತ್ತೆ ಬರಲೇ ಇಲ್ಲ. ಒಬ್ಬರೇ ಕೂತು ಒಂದೇ ಹುಟ್ಟಿನಲ್ಲಿ ನಡೆಸುವ ದೋಣಿ. ಅವನು ಅದನ್ನು ಕೆನೂ ಎನ್ನುತ್ತಿದ್ದ. ಹತ್ತಡಿಯ ಗಿಡ್ಡದು. ತಳ ಎರಡೂ ಕಡೆ ಮೇಲಕ್ಕೆ ಬಾಗಿ ತೊಟ್ಟಿಲ ಕಾಲಿನ ಹಾಗಿತ್ತು. ನೆಲದ ಮೇಲಿಟ್ಟು ತಳ್ಳಿದರೆ ತೂಗುತ್ತಿತ್ತು. ಒಳಗೆ ಕೂರಲು ಹಲಗೆ ಇಲ್ಲ, ಮಂಡಿಯೂರಲು ರಬ್ಬರಿನ ಮೆತ್ತೆ ಇತ್ತು. ಶೆಡ್ಡಿನ ಮಾಲೀಕರು ಅದರಿಂದ ಒಂದು ಮೋಲ್ಡ್ ತೆಗೆಸಿ, ಅಂಥದೇ ಹೊಸದೊಂದನ್ನು ಮಾಡಿಸಿದರು. ಅದನ್ನು ನೋಡುತ್ತಾ ನೋಡುತ್ತಾ ನನಗೂ ಒಂದು ದೋಣಿ ಮಾಡುವ ಆಸೆ ಹುಟ್ಟಿತು. ಭಾನುವಾರಗಳಲ್ಲಿ ಪ್ಲೈವುಡ್ಡು, ಪ್ಲಾಸ್ಟರು ಸೇರಿಸಿ, ಕಣ್ಣಳತೆಯಲ್ಲೇ ಹದಿನೈದಡಿಯ ಒಂದು ಆಕಾರ ಮಾಡಿ ಮೋಲ್ಡ್ ತೆಗೆದು, ಅದರಿಂದ ಒಂದು ದೋಣಿ ಮಾಡಿದೆ. ತಳ ಮೂಗಿನಿಂದ ಬಾಲದವರೆಗೆ ನೇರ. ನಡುವೆ ಸಣ್ಣ ಏಣು. ಕೂರಲು ಹಲಗೆ, ಮುಂದೆ ಹಿಂದೆ ಹಾಸಿಗೆ, ಪಾತ್ರೆ, ಅಕ್ಕಿ ಇಡುವಷ್ಟು ಜಾಗ. ನನ್ನ ಕೈಯಿಂದ ಹುಟ್ಟಿ ನನ್ನದೇ ಎನ್ನಿಸಿಕೊಂಡ ವಸ್ತು ಅದೊಂದೇ. ಅದನ್ನು ಯಾರೂ ಕೇಳಲಿಲ್ಲ. ಶೆಡ್ಡಿನ ಗೋಡೆಗೆ ಒರಗಿಕೊಂಡು ಎರಡು ವರ್ಷ ನಿಂತಿತ್ತು.

ಗೆಳೆಯ ಅದನ್ನು ನೋಡಿದ್ದು ಒಂದು ಹಿಂಗಾರಿನಲ್ಲಿ. ಚೆನ್ನಾಗಿ ಮಳೆಯಾಗಿ ಹೊಳೆ ತುಂಬಿ ಹರಿಯುತ್ತಿತ್ತು.

"ಲೇ, ನಮ್ಮೂರ್ ಒಳೆ ಮೇಲೇನೇ ಮಳವಳ್ಳಿ ಕಡೆಗ್ ಓಗ್ಬೋದು ಕಣ್ಲಾ" ಎಂದ. "ಬಸ್ನಲ್ಲಿ ಓಗಿ ಓಗಿ ಸಾಕಾಯ್ತು. ಮೂರ್ ದಿನ. ದಾರೀಲಿ ನನ್ ಶಿಷ್ಯರ ಮನೆಗೋಳವೆ. ಮಲ್ಗಕ್ಕೆ, ಉಣ್ಣಕ್ಕೆ ಚಿಂತೆ ಇಲ್ಲ."

ಮೊದಲ ಎರಡು ದಿನದ ಹಾದಿಯೆಲ್ಲ ನಿಧಾನದ ನೀರು. ಮೂರನೆಯ ದಿನ, ಮಳವಳ್ಳಿಯಿಂದ ಹಲಗೂರಿಗೆ ಹೋಗುವ ರಸ್ತೆಯ ಸೇತುವೆ ದಾಟಿದ ಮೇಲೆ, ಹೊಳೆ ಬಂಡೆಗಳ ನಡುವೆ ನೊರೆಯಾಗಿ ಇಳಿಯುತ್ತದೆ. ಅಲ್ಲೂ ಇಳಿಯಬೇಕು ಎಂಬುದು ಅವನ ಹಟ. ಹಾಗಾದರೆ ಯಾವ ದೋಣಿ?

ನನಗೆ ಉತ್ತರ ಗೊತ್ತಿತ್ತು. ಹರೆಯದಲ್ಲಿ ಒಂದು ಬೇಸಿಗೆ ಕಾವೇರಿ ದಂಡೆಯಲ್ಲಿ ಸೇತುವೆ ಕೆಲಸಕ್ಕೆ ಹೋಗಿದ್ದೆ. ಹರಿಗೋಲಿನ ಮುದುಕನೊಬ್ಬ ನಮ್ಮನ್ನು ಕಲ್ಲುಗಳ ನಡುವೆ ದಾಟಿಸುತ್ತಿದ್ದ. ಹರಿಗೋಲು ಬುಟ್ಟಿಯ ಹಾಗೆ ಗುಂಡಗಿರುತ್ತದೆ, ಒಂದೇ ಸಮ ತಿರುಗುತ್ತದೆ. ನಾನು ಹೆದರಿ ಅಂಚು ಹಿಡಿದುಕೊಂಡರೆ ಅವನು ನಗುತ್ತಿದ್ದ. "ತಿರುಗ್ಲಿ ಬುಡಪ್ಪ. ತಿರುಗೋದೇ ಇದರ ಗುಣ. ಕಲ್ಲಿಗೆ ಎದೆ ಕೊಟ್ಟು ನಿಲ್ಲೋದಲ್ಲ, ಸರ್ಕಂಡು ಓಗೋದು." ಗಿಡ್ಡ ದೋಣಿಯ ಬಾಗಿದ ತಳ ಕಂಡ ದಿನವೇ ನನಗೆ ಆ ಮುದುಕನ ಮಾತು ನೆನಪಾಗಿತ್ತು. ಉದ್ದದ ನೇರ ದೋಣಿ ದೂರ ಹೋಗಲು. ಬಾಗಿದ ಗಿಡ್ಡ ದೋಣಿ ಕಲ್ಲುನೀರಿಗೆ. ಎರಡೂ ನಮ್ಮ ಹತ್ತಿರವೇ ಇದ್ದವು. ಶೆಡ್ಡಿನ ಟೆಂಪೋ ಇತ್ತು. ಸೇತುವೆಯ ಹತ್ತಿರ ದೋಣಿ ಬದಲಿಸು ಎಂದು ಒಂದು ಮಾತು ಹೇಳಿದ್ದರೆ ಮುಗಿದಿತ್ತು.

ಅದರ ಬದಲು ನಾವು ಎರಡನ್ನೂ ನಾಲೆಗೆ ತೆಗೆದುಕೊಂಡು ಹೋದೆವು.

ನಾವು ನಾಲೆಯ ಜನ. ನೀರೆಂದರೆ ನಮಗೆ ತೂಬು ಎತ್ತಿದರೆ ಬರುವುದು, ಇಳಿಸಿದರೆ ನಿಲ್ಲುವುದು. ಎರಡೂ ಕಡೆ ಏರಿ, ನಡುವೆ ಸಮನಾದ ತಳ. ಈಜು ಕಲಿಯುವುದು ಅಲ್ಲೇ, ಎತ್ತು ತೊಳೆಯುವುದು ಅಲ್ಲೇ. ನಮ್ಮಲ್ಲಿ ಯಾವುದೇ ವಸ್ತು ಚೆನ್ನಾಗಿದೆ ಎನ್ನಬೇಕಾದರೆ ಅದು ನೇರ ಹೋಗಬೇಕು: ನೇಗಿಲು, ಗಾಡಿ, ಎತ್ತು, ಮಗ. ಹೊಳೆಯ ದೋಣಿಯನ್ನು ನಾಲೆಯಲ್ಲಿ ಪರೀಕ್ಷೆ ಮಾಡುವ ತಪ್ಪನ್ನು ಹೊಳೆಯಲ್ಲಿ ದೋಣಿ ನಡೆಸುವವರು ಮಾಡಲಾರರು. ನಾವು ಮಾಡಿದೆವು.

ನಾಲೆ ಸೇತುವೆಯ ಮೇಲೆ ಆಗಲೇ ಏಳೆಂಟು ಜನ ಸೇರಿದ್ದರು. ಗೆಳೆಯ ಗಿಡ್ಡ ದೋಣಿಯಲ್ಲಿ ಮಂಡಿಯೂರಿ ಕೂತು ಹುಟ್ಟು ಹಾಕಿದ. ಅದು ಎಡಕ್ಕೆ ತಿರುಗಿತು. ಸರಿಮಾಡಲು ಹೋದರೆ ಬಲಕ್ಕೆ ತಿರುಗಿತು. ಇನ್ನೊಂದು ಸಲ ಹಾಕಿದರೆ ಪೂರ್ತಿ ಒಂದು ಸುತ್ತು ಸುತ್ತಿ ಅವನ ಬೆನ್ನು ನಮ್ಮ ಕಡೆಗಾಯಿತು.

"ಏನ್ಲಾ ಅದು, ಬೀಗ್ರೂಟದಲ್ ಕುಡ್ದವ್ನಂಗೆ ಸುತ್ತತಾ ಅದೆ!"

"ಮೇಷ್ಟ್ರೇ, ಅದುಕ್ಕೊಂದು ಮೂಗುದಾರ ಆಕುಸಿ!"

"ಲೆಫ್ಟ್ ರೈಟ್ ಯೋಳ್ಕೊಟ್ಟವ್ರು ನೀವೇ ಅಲ್ವರಾ ಮೇಷ್ಟ್ರೇ?"

ಅವನೂ ನಕ್ಕ, ಆದರೆ ಕಿವಿ ಕೆಂಪಾಗಿತ್ತು. ಆಮೇಲೆ ಉದ್ದ ದೋಣಿಯಲ್ಲಿ ಕೂತ. ನಾಲ್ಕು ಹುಟ್ಟಿಗೆ ಅದು ಸೇತುವೆಯ ಕೆಳಗೆ ನುಗ್ಗಿ ಆ ಕಡೆ ಹೊರಬಂತು. ಹಿಂದೆ ನೀರಿನ ಮೇಲೆ ಗೆರೆ ಎಳೆದ ಹಾಗೆ ಒಂದು ಗುರುತು.

"ಇದ್ ನೋಡ್ಲಾ, ಸಾಲ್ ಒಡ್ದಂಗೆ ಓಯ್ತದೆ. ಯಾರ್ ಮಾಡಿದ್ದು ಇದ್ನ?"

ಗೆಳೆಯ ನೀರಿನಿಂದಲೇ ಹುಟ್ಟು ಎತ್ತಿ ನನ್ನ ಕಡೆ ತೋರಿಸಿದ. ಎಲ್ಲರೂ ನನ್ನನ್ನು ನೋಡಿದರು. ಒಬ್ಬ ಬಂದು ಬೆನ್ನು ತಟ್ಟಿದ. ಇಪ್ಪತ್ತೈದು ವರ್ಷದಲ್ಲಿ ನಾನು ಮಾಡಿದ ಬಚ್ಚಲ ಬಾಗಿಲನ್ನು ನೋಡಿ ಯಾರೂ ಬೆನ್ನು ತಟ್ಟಿರಲಿಲ್ಲ.

ಅವನು ದಡಕ್ಕೆ ಬಂದು, ಪಂಚೆ ಹಿಂಡುತ್ತಾ, ಮೆಲ್ಲಗೆ ಕೇಳಿದ. "ಕಲ್ ಇರೋ ಕಡೇಲಿ ಯಾವ್ದ್ಲಾ ಸರಿ? ನೀನ್ ಮಾಡ್ದೋನು, ನೀನೇ ಯೋಳು."

ಆಗ ನಾನು ಹೇಳಿದೆ: "ನಿನ್ ತೋಳಲ್ ಬಲ ಇದ್ರೆ ಯಾವ್ ದೋಣಿ ಆದ್ರೂ ತಿರುಗ್ತದೆ ಬುಡು."

ಇಷ್ಟೇ ಆ ಮಾತು. ಯೋಚಿಸದೆ ಬಾಯಿಗೆ ಬಂದದ್ದು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಯೋಚಿಸಿಯೇ ಹೇಳಿದೆ. ನನ್ನ ದೋಣಿ ಹೊಳೆಯ ಕೊನೆಯವರೆಗೂ ಹೋಗಬೇಕಿತ್ತು; ಸೇತುವೆ ಹತ್ತಿರ ಅದನ್ನು ಇಳಿಸಿ ಬೇರೆಯವರ ಮೋಲ್ಡಿನದನ್ನು ಹತ್ತಿಸಲು ನನಗೆ ಮನಸ್ಸಿರಲಿಲ್ಲ. ಅವನ ತೋಳಿನ ಮೇಲೆ ಮಾತು ಹಾಕಿದರೆ ಅವನು ಮತ್ತೆ ಕೇಳುವುದಿಲ್ಲ ಎಂಬುದೂ ಗೊತ್ತಿತ್ತು. ಅವನು ಕೇಳಲಿಲ್ಲ.

ಮೊದಲ ಎರಡು ದಿನ ಸುಖವಾಗಿ ಕಳೆದವು. ನಾನು ಮೊಪೆಡ್ಡಿನಲ್ಲಿ ಊರೂರು ಸುತ್ತಿಕೊಂಡು, ದಾರಿ ಹೊಳೆಗೆ ಸೇರುವ ಕಡೆ ಬುತ್ತಿ ಹಿಡಿದು ಕಾಯುತ್ತಿದ್ದೆ. ತಿರುವು ಬಂದಾಗ ಅವನು ಸೀಟಿ ಊದುತ್ತಿದ್ದ. ದೋಣಿ ಕಾಣುವ ಮೊದಲು ಸೀಟಿ ಕೇಳುತ್ತಿತ್ತು. ಮೂರನೆಯ ದಿನ ನಾನು ಹಲಗೂರು ರಸ್ತೆಯ ಸೇತುವೆಯ ಮೇಲೆ ನಿಂತಿದ್ದೆ. ಅವನು ಕೆಳಗೆ ಹಾದು ಹೋಗುತ್ತಾ ತಲೆಯೆತ್ತಿ, "ತೋಳ್ ನೋಡ್ಲಾ!" ಎಂದು ಕೂಗಿದ.

ಸ್ವಲ್ಪ ದೂರದಲ್ಲಿ ನೀರಿನ ನಡುವೆ ಮೊದಲ ಬಂಡೆ. ಎಡಕ್ಕೆ ತಿರುಗಬೇಕು. ಅವನು ಹುಟ್ಟು ಹಾಕಿದ್ದು ನನಗೆ ಕಂಡಿತು. ಒಂದು ಸಲ, ಎರಡು ಸಲ, ಮೂರು ಸಲ. ದೋಣಿಯ ಮೂಗು ಅಲ್ಲಾಡಲಿಲ್ಲ. ನಾಲ್ಕನೆಯದಕ್ಕೆ ಅರ್ಧ ತಿರುಗಿತು, ಆಗ ನೀರು ಅದನ್ನು ಅಡ್ಡಲಾಗಿ ಬಂಡೆಗೆ ಒತ್ತಿತು. ದೋಣಿ ಬಂಡೆಯನ್ನು ತಬ್ಬಿದ ಹಾಗೆ ಬಾಗಿ ಮುರಿಯಿತು. ಅವನ ಕಾಲು ಕೂರುವ ಹಲಗೆಯ ಕೆಳಗೆ ಸಿಕ್ಕಿಕೊಂಡಿತ್ತು. ಕೆಳಗೆ ಟ್ರ್ಯಾಕ್ಟರ್ ತೊಳೆಯುತ್ತಿದ್ದ ಇಬ್ಬರು ಹಗ್ಗ ಹಿಡಿದು ಇಳಿದರು. ಲೈಫ್ ಜಾಕೆಟ್ಟು ಇದ್ದುದರಿಂದ ತಲೆ ನೀರಿನ ಮೇಲಿತ್ತು. ನಾನು ಸೇತುವೆಯಿಂದ ಓಡಿ ಬರುವಷ್ಟರಲ್ಲಿ ಅವನನ್ನು ದಡದಲ್ಲಿ ಮಲಗಿಸಿದ್ದರು. ಮಂಡಿಯ ಕೆಳಗಿನ ಕಾಲು ಬೇರೆ ಕಡೆ ನೋಡುತ್ತಿತ್ತು.

ಮಂಡ್ಯದ ಆಸ್ಪತ್ರೆಯಲ್ಲಿ ರಾಡು ಹಾಕಿದರು. ಎಚ್ಚರವಾದ ಮೇಲೆ ಅವನು ನನಗೆ ಹೇಳಿದ ಮೊದಲ ಮಾತು: "ನಿನ್ ದೋಣಿ ಆಳ್ ಮಾಡ್ಬುಟ್ಟೆ ಕಣ್ಲಾ. ತೋಳಲ್ ಬಲ ಇರ್ಲಿಲ್ಲ."

ಅಲ್ಲಿ ಹೇಳಬೇಕಿತ್ತು. ಪಕ್ಕದಲ್ಲಿ ಅವನ ಹೆಂಡತಿ ನಿಂತಿದ್ದರು, ನರ್ಸು ಇದ್ದರು. ನಾಳೆ ಹೇಳೋಣ ಎಂದುಕೊಂಡೆ.

ಕಾಲು ಮೂರು ತಿಂಗಳಲ್ಲಿ ಊರುವಂತಾಯಿತು. ದಂಡ ಹೊಡೆಯುವುದು ನಿಂತುಹೋಯಿತು. ಸೀಟಿ ಮೊಳೆಗೆ ಹೋಯಿತು. ಶಿಷ್ಯರು ಸಿಕ್ಕರೆ ರಟ್ಟೆ ಹಿಡಿಯುವುದನ್ನೂ ಬಿಟ್ಟ. ಮಂಡಿಗಿಂತ ಇದು ದೊಡ್ಡ ನಷ್ಟ ಎಂದು ನನಗೆ ಕಾಣುತ್ತಿತ್ತು. ವಾರಕ್ಕೆ ಎರಡು ದಿನ ಅವನ ಮನೆಗೆ ಹೋಗುತ್ತಿದ್ದೆ. ಅವನ ಹೆಂಡತಿ ಬಿಸಿ ಎಣ್ಣೆಯಲ್ಲಿ ಅವನ ಮಂಡಿ ತಿಕ್ಕಿ, ಕೈ ತೊಳೆದುಕೊಂಡು ಬಂದು ನನಗೆ ಕಾಫಿ ಕೊಡುತ್ತಿದ್ದರು. ಕುಡಿದು ಬರುತ್ತಿದ್ದೆ. ಹೀಗೆ ಆರು ವರ್ಷ. ನನ್ನ ಮೋಲ್ಡನ್ನು ಶೆಡ್ಡಿನ ಹಿಂದೆ ಎಸೆದಿದ್ದೆ. ಅಲ್ಲಿನ ವಾಚ್‌ಮನ್ ಅದರಲ್ಲಿ ತನ್ನ ಎಮ್ಮೆಗೆ ಕಲಗಚ್ಚು ಹಾಕುತ್ತಿದ್ದ.

ಹೋದ ವರ್ಷ ಮತ್ತೆ ಹೊಳೆ ತುಂಬಿತು. ಗೆಳೆಯ ಫೋನು ಮಾಡಿದ.

"ಆ ಗಿಡ್ಡುದ್ ದೋಣಿ ಇನ್ನೂ ಅದೆಯೇನ್ಲಾ?"

"ಅದೆ. ಯಾಕೆ?"

"ಒಂದ್ ದಿನದ್ ದಾರಿ, ಅಷ್ಟೆ. ಕಲ್ಲಿರೋ ಕಡೆ ಬೇಡ. ಸಾಯೋದ್ರೊಳಗೆ ಒಂದ್ ಸಲ ಒಳೆ ಮೇಲ್ ಕೂತು ದಡ ನೋಡ್ಬೇಕು."

ಅವನು ಫೋನಿಟ್ಟ ಮೇಲೆ ಅವನ ಹೆಂಡತಿ ಬೇರೆಯಾಗಿ ಫೋನು ಮಾಡಿದರು. "ಅಣ್ಣ, ನೀವಾರ ಬುದ್ಧಿ ಯೋಳಿ. ದೋಣಿ ಅಂದ್ರೆ ಇವರ್ಗೆ ಭಯ. ಓಗ್ಲೇಬೇಕು ಅಂತವ್ರೆ. ಓಗ್ದೆ ಇದ್ರೂ ಕೊರಗ್ತಾರೆ ಕಣಣ್ಣ."

ಈಗ ಅವನು ಆರಿಸಿದ್ದು ಮತ್ತೆ ತಪ್ಪು ದೋಣಿ. ನಿಧಾನದ ನೀರಿನಲ್ಲಿ ದಿನವಿಡೀ ಹೋಗಲು ಬೇಕಾದದ್ದು ಉದ್ದದ್ದೇ. ಗಿಡ್ಡ ದೋಣಿ ಒಂದೊಂದು ಹುಟ್ಟಿಗೂ ಮುಖ ತಿರುಗಿಸುತ್ತದೆ. ಎರಡು ಗಂಟೆಯಲ್ಲಿ ಎಪ್ಪತ್ತು ದಾಟಿದವನ ಭುಜ ಸೋತುಹೋಗುತ್ತದೆ. ಮೇಲಾಗಿ ಅದರಲ್ಲಿ ಮಂಡಿಯೂರಬೇಕು. ಅರ್ಧ ದಾರಿಯಲ್ಲಿ ಸೋತು ಕೂತರೆ ಅವನು ಮತ್ತೆ ತೋಳನ್ನೇ ಬೈದುಕೊಳ್ಳುತ್ತಾನೆ, ಆಮೇಲೆ ಯಾವ ದೋಣಿಯನ್ನೂ ಮುಟ್ಟುವುದಿಲ್ಲ. ಉದ್ದದ್ದನ್ನು ತಗೋ ಎಂದರೆ ಒಪ್ಪುವುದಿಲ್ಲ, ಅದನ್ನು ಆಳಲು ತನ್ನಿಂದಾಗದು ಎಂದು ಅವನ ನಂಬಿಕೆ. ಆ ನಂಬಿಕೆಯನ್ನು ಹಾಕಿದವನು ನಾನು. ನಾನೇ ತೆಗೆಯಬೇಕಿತ್ತು.

ಎಮ್ಮೆಯ ಬಾಯಿಂದ ಮೋಲ್ಡನ್ನು ಬಿಡಿಸಿಕೊಂಡು, ಸೋಪು ಹಾಕಿ ಮೂರು ಸಲ ತಿಕ್ಕಿ, ವ್ಯಾಕ್ಸ್ ಹಚ್ಚಿದೆ. ಕೆಲಸ ಬಿಟ್ಟು ಮೂರು ವರ್ಷವಾಗಿತ್ತು. ಮಾಲೀಕರ ಮಗ ಶೆಡ್ಡು ಬಳಸಲು ಒಪ್ಪಿದ. ಒಂದು ವಾರದಲ್ಲಿ ಹೊಸ ಉದ್ದ ದೋಣಿ ಮಾಡಿದೆ. ಕೂರುವ ಹಲಗೆಯನ್ನು ನಾಲ್ಕು ಬೆರಳು ಎತ್ತರಿಸಿ, ಬಲಗಾಲು ಚಾಚಿಕೊಳ್ಳಲು ಜಾಗ ಬಿಟ್ಟೆ. ಆಮೇಲೆ ಅವನಿಗೆ, ಬಂದು ನೋಡು ಎಂದೆ.

ಮಧ್ಯಾಹ್ನ ಗಂಡ ಹೆಂಡತಿ ಆಟೋದಲ್ಲಿ ಬಂದರು. ಆಕೆ ಶೆಡ್ಡಿನ ರೆಸಿನ್ ವಾಸನೆಗೆ ತಲೆನೋಯುತ್ತದೆ ಎಂದು ಆಟೋದಲ್ಲೇ ಕೂತರು. ಅವನು ಕೋಲೂರಿಕೊಂಡು ಒಳಗೆ ಬಂದು, ಉದ್ದದ್ದನ್ನು ನೋಡಿಯೂ ನೋಡದವನ ಹಾಗೆ ದಾಟಿ, ಕೋಲಿನ ತುದಿಯಿಂದ ಗಿಡ್ಡದ್ದನ್ನು ತಟ್ಟಿದ.

"ಇದೇ ಸಾಕು. ತೋಳಲ್ ಬಲ ಇಲ್ದವ್ನಿಗೆ ಸುಲಭವಾಗ್ ತಿರುಗೋದ್ ಬೇಕು."

"ಅದ್ ಬೇಡ. ನೀನ್ ಓಗೋದು ನಿಧಾನದ್ ನೀರಲ್ಲಿ. ಮಂಡಿ ಬ್ಯಾರೆ ಊರ್ಬೇಕು."

"ಉದ್ದುದ್ದು ನನ್ ಮಾತ್ ಕೇಳಾಕಿಲ್ಲ ಕಣ್ಲಾ."

"ಅದು ಯಾರ್ ಮಾತೂ ಕೇಳ್ತಿರ್ಲಿಲ್ಲ" ಎಂದೆ. "ಆ ಕಲ್ ನೀರಲ್ಲಿ ಯಾವ ಪೈಲ್ವಾನ್ ಕೂತಿದ್ರೂ ತಿರುಗ್ತಿರ್ಲಿಲ್ಲ. ಅದಿರೋದೇ ನೇರ ಓಗಕ್ಕೆ. ಕಲ್ಲಿಗೆ ಗಿಡ್ಡುದ್ದೇ ಸರಿ ಅಂತ ನಂಗೆ ಗೊತ್ತಿತ್ತು."

"ಯಾವಾಗ್ ಗೊತ್ತಾಯ್ತು?"

"ಮೊದ್ಲೇ. ನಾಲೆ ಅತ್ರ ನೀನ್ ಕೇಳ್ದಾಗ್ಲೇ ಗೊತ್ತಿತ್ತು."

ಅವನು ಕೋಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. "ಇನ್ನೊಂದ್ ಸಲ ಯೋಳು."

ಹೇಳಿದೆ.

"ಜೋರಾಗ್ ಯೋಳು." ಮೈದಾನದಲ್ಲಿ ಹುಡುಗರಿಗೆ ಹೇಳುವ ದನಿ ಅದು. ಆರು ವರ್ಷದಿಂದ ಕೇಳಿರಲಿಲ್ಲ.

ಜೋರಾಗಿ ಹೇಳಿದೆ. ನನ್ನ ದೋಣಿಯನ್ನು ಎಲ್ಲರೂ ಹೊಗಳಿದ್ದು, ಅದು ಕೊನೆಯವರೆಗೆ ಹೋಗಲಿ ಎಂದು ನಾನು ಬಾಯಿ ಮುಚ್ಚಿಕೊಂಡದ್ದು, ತೋಳಿನ ಮಾತನ್ನು ಬೇಕೆಂದೇ ಆಡಿದ್ದು, ಎಲ್ಲ ಹೇಳಿದೆ.

"ಓಗು" ಎಂದ. "ಇದ್ನ ಅವ್ಳಿಗ್ ಯೋಳು. ಮಂಡಿ ತಿಕ್ಕ್‌ದೋಳು ಅವ್ಳು."

ಆಟೋದ ಹತ್ತಿರ ಹೋಗಿ, ಬಗ್ಗಿ ನಿಂತು, ಆಕೆಗೂ ಹೇಳಿದೆ. ಆಟೋ ಓಡಿಸುವವನೂ ಕೇಳಿಸಿಕೊಂಡ. ಆಕೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಪೂರ್ತಿ ಕೇಳಿದರು. ಬೈಯುತ್ತಾರೆ ಎಂದುಕೊಂಡಿದ್ದೆ.

"ಆರ್ ವರ್ಷ ನಮ್ಮನೇಲಿ ಕಾಫಿ ಕುಡುದ್ರಲ್ಲಣ್ಣ ನೀವು" ಎಂದರು. ಅಷ್ಟೇ.

ಅವನು ಬಂದು ಹತ್ತಿದ. ಯಾವ ದೋಣಿ ಎಂದು ಹೇಳಲಿಲ್ಲ. ಆಟೋ ಹೊರಟಿತು.

ಎರಡು ವಾರ ಫೋನಿಲ್ಲ. ನಾನೂ ಮಾಡಲಿಲ್ಲ, ಆ ಮನೆಯ ಬೀದಿಗೂ ಹೋಗಲಿಲ್ಲ. ಹೊಳೆಯ ನೀರು ಇಳಿಯಲು ಶುರುವಾಗಿತ್ತು. ಒಂದು ಸಂಜೆ ಫೋನು ಬಂತು.

"ನಾಳೆ ಬೆಳಿಗ್ಗೆ ಆರ್ ಗಂಟೆಗೆ ಉದ್ದುದ್ದ ತಗಂಡ್ ಬಾ. ಮದ್ದೂರ್ ಸೇತುವೆ ಕೆಳಕ್ಕೆ." ನಾನು ಉತ್ತರ ಕೊಡುವ ಮೊದಲೇ ಇಟ್ಟ.

ಬೆಳಿಗ್ಗೆ ದೋಣಿಗೆ ಇಳಿಯುವಾಗ ಅವನು ನನ್ನ ಹೆಗಲನ್ನು ಹಿಡಿಯಲಿಲ್ಲ; ಟೆಂಪೋ ಓಡಿಸುವವನ ಹೆಗಲು ಹಿಡಿದು ಇಳಿದ. ಬಲಗಾಲು ಚಾಚಿಕೊಳ್ಳಲು ಬಿಟ್ಟ ಜಾಗವನ್ನು ಕಂಡು ಒಂದು ಗಳಿಗೆ ಅದನ್ನೇ ನೋಡಿದ. ಆಮೇಲೆ ಕಾಲು ಚಾಚಿದ. ಮೊದಲ ಹುಟ್ಟು ಹೆದರಿಕೆಯದು, ನೀರನ್ನು ಸವರಿದ ಹಾಗಿತ್ತು. ಎರಡನೆಯದೂ ಹಾಗೆಯೇ. ಹತ್ತನೆಯದರ ಹೊತ್ತಿಗೆ ದೋಣಿ ನೇರವಾಗಿ ತಿರುವಿನ ಕಡೆ ಸಾಗಿತ್ತು.

ನಾನು ಟೆಂಪೋದಲ್ಲಿ ಮುಂದೆ ಹೋಗಿ, ಅವನ ಶಿಷ್ಯನೊಬ್ಬನ ಊರಿನ ಕಡವಿನಲ್ಲಿ ಕಾದೆ. ಅವನ ಹೆಂಡತಿಯೂ ಅಲ್ಲಿಗೆ ಬಂದು, ಸ್ವಲ್ಪ ದೂರದ ಕಲ್ಲಿನ ಮೇಲೆ ಕೂತಿದ್ದರು. ಹನ್ನೆರಡಾಯಿತು, ಒಂದಾಯಿತು. ಎರಡೂ ಮುಕ್ಕಾಲಿಗೆ ಸೀಟಿ ಕೇಳಿತು. ಆಕೆ ಎದ್ದು ನಿಂತರು. ದೋಣಿ ಹೊಂಗೆ ಮರಗಳ ಹಿಂದಿನಿಂದ ಬಂತು, ನೇರವಾಗಿ, ಅವಸರವಿಲ್ಲದೆ.

ಅವನು ದಡಕ್ಕೆ ಹಚ್ಚಿ, ಹುಟ್ಟನ್ನು ನನ್ನ ಕೈಗೆ ಕೊಟ್ಟ. ಆಮೇಲೆ ಷರ್ಟಿನ ತೋಳು ಮೇಲಕ್ಕೆ ಸರಿಸಿ, ರಟ್ಟೆಯನ್ನು ನನ್ನ ಮುಂದೆ ಹಿಡಿದ.

"ಇಡ್ದ್ ನೋಡು. ಬಲ ಅದೆಯೇನ್ಲಾ?"

ಹಿಡಿದು ನೋಡಿದೆ. ಮುದುಕರ ತೋಳು, ಚರ್ಮ ಸಡಿಲ, ಒಳಗೆ ಇನ್ನೂ ಗಟ್ಟಿ. "ಅದೆ" ಎಂದೆ.

"ಜೋರಾಗ್ ಯೋಳು, ಅವ್ಳಿಗ್ ಕೇಳ್ಲಿ."

"ಅದೆ ಕಣಪ್ಪ, ಬಲ ಅದೆ!"

ಅವನು ತಲೆಯಾಡಿಸಿ, ಇಳಿದು, ಹೆಂಡತಿ ಕೂತಿದ್ದ ಕಲ್ಲಿನ ಕಡೆ ಹೋದ. ಆಕೆ ಫ್ಲಾಸ್ಕಿನಿಂದ ಎರಡು ಲೋಟಕ್ಕೆ ಕಾಫಿ ಬಗ್ಗಿಸಿದರು. ತಂದಿದ್ದದ್ದೇ ಎರಡು ಲೋಟ. ನಾನು ದೋಣಿಯೊಳಗಿನ ನೀರನ್ನು ಚೆಲ್ಲಿ, ತಳವನ್ನು ಕೈಯಾಡಿಸಿ ನೋಡಿ, ಟೆಂಪೋದವನನ್ನು ಕರೆದು ಎತ್ತಿಸಿ ಹಗ್ಗ ಕಟ್ಟಿದೆ.